ಇದು ಚರ್ಚ್ ಹಾಡಾ, ಡಿಸ್ಕೋನಾ?

ರಾತ್ರಿಗೂಬೆ:
ಗೆಳೆಯನ ಮನೆ ಪಾರ್ಟಿಯಲ್ಲಿ 'ಸ್ಟ್ಯಾಂಡ್ ಆನ್ ದ ವರ್ಡ್' ಅನ್ನೋ ಹಾಡು ಹಾಕಿದ್ದರು. ಎಲ್ಲರೂ ಕುಣಿದಿದ್ದೇ ಕುಣಿದಿದ್ದು. ಸಾಹಿತ್ಯಕ್ಕೆ ಕಿವಿಗೊಟ್ಟರೆ ಪೂರ್ತಿ ದೇವರ ಮಾತು, ಹಾಡುತ್ತಿರುವುದು ಮಕ್ಕಳು! ಭಕ್ತಿಗೀತೆಗೆ ಯಾರೋ ಡಿಜೆ ಬೀಟ್ ಸೇರಿಸಿದ್ದಾರಾ?

ಕಪ್ಪುಬಿಳಿ ಕೀ:
ಇಲ್ಲ ಗುರು, ಹುಟ್ಟಿದ್ದೇ ಚರ್ಚ್‌ನಲ್ಲಿ. 1982ರಲ್ಲಿ ಬ್ರೂಕ್ಲಿನ್‌ನ ಕ್ರೌನ್ ಹೈಟ್ಸ್‌ನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ರೆಕಾರ್ಡ್ ಆಯಿತು. ಬರೆದವರು ಫಿಲಿಸ್ ಮೆಕಾಯ್ ಜೂಬರ್ಟ್. ಅಲ್ಲಿಂದ ಅದು ಪ್ಯಾರಡೈಸ್ ಗರಾಜ್ ಎಂಬ ನ್ಯೂಯಾರ್ಕ್ ಕ್ಲಬ್ ಸೇರಿತು, ಡಿಜೆ ಲ್ಯಾರಿ ಲೆವನ್ ಕೈಗೆ. ಕುಣಿಯಲು ಬರುತ್ತಿದ್ದವರಲ್ಲಿ ಕಪ್ಪು ಜನಾಂಗದವರು, ಸಲಿಂಗಿಗಳು ಜಾಸ್ತಿ. ಎಷ್ಟೋ ಜನ ಚಿಕ್ಕಂದಿನಿಂದ ಚರ್ಚ್ ಹಾಡು ಕೇಳಿ ಬೆಳೆದವರು. ಅವರಿಗೆ ಅದು ಹೊಸತೇನಲ್ಲ.

ನಾನು ಬೆಂಗಳೂರಲ್ಲಿ ಭಾನುವಾರದ ಆರಾಧನೆಗೆ ಕೀಬೋರ್ಡ್ ನುಡಿಸುತ್ತೇನೆ, ಅದಕ್ಕೇ ಇಷ್ಟು ಉದ್ದ ಬರೀತಿರೋದು. ಗಾಸ್ಪೆಲ್‌ನಲ್ಲಿ, ಅಂದರೆ ಅಮೆರಿಕದ ಕಪ್ಪು ಜನರ ಚರ್ಚ್ ಸಂಗೀತದಲ್ಲಿ, ಚಪ್ಪಾಳೆ ಎಲ್ಲಿ ಬೀಳುತ್ತೆ ಗಮನಿಸಿ. ನಾಲ್ಕು ಎಣಿಸಿದರೆ ಎರಡಕ್ಕೆ, ನಾಲ್ಕಕ್ಕೆ. ಡಿಸ್ಕೋ ಮಾಡುವುದೇನು? ಅದರ ಕೆಳಗೆ ನಾಲ್ಕೂ ಎಣಿಕೆಗೆ ಕಿಕ್ ಡ್ರಮ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಹಾಕುತ್ತೆ. ಚಪ್ಪಾಳೆ ತನ್ನ ಜಾಗ ಬಿಟ್ಟು ಕದಲಲ್ಲ. ನಮ್ಮ ಗಾಯಕರು ಒಂದಕ್ಕೇ ತಟ್ಟುತ್ತಾರೆ, ಎರಡಕ್ಕೆ ತಟ್ಟಿಸೋದೇ ನನ್ನ ಭಾನುವಾರದ ತಲೆನೋವು.

ಹಳೇ ಕ್ಯಾಸೆಟ್:
ಚೆನ್ನಾಗಿ ಹೇಳಿದಿರಿ. ಆದರೆ ಚರ್ಚ್ ಹಿರಿಯರು ಸುಮ್ನೆ ಬಿಟ್ಟರಾ?

ಕಪ್ಪುಬಿಳಿ ಕೀ:
ಎಲ್ಲಿ ಬಿಡ್ತಾರೆ! ಡೆಟ್ರಾಯಿಟ್‌ನ ಕ್ಲಾರ್ಕ್ ಸಿಸ್ಟರ್ಸ್ ಅನ್ನೋ ಗಾಸ್ಪೆಲ್ ಹಾಡೋ ಅಕ್ಕತಂಗಿಯರ ಕಥೆ ನೋಡಿ. 1981ರ 'ಯೂ ಬ್ರಾಟ್ ದ ಸನ್‌ಶೈನ್' ಬರೆದದ್ದು ಟ್ವಿಂಕಿ ಕ್ಲಾರ್ಕ್. ಸ್ಟೀವಿ ವಂಡರ್‌ನ 'ಮಾಸ್ಟರ್ ಬ್ಲಾಸ್ಟರ್' ಧಾಟಿ ಅದರಲ್ಲಿ ಎದ್ದು ಕಾಣುತ್ತೆ. ಕ್ಲಬ್‌ಗಳು ಮುಗಿಬಿದ್ದವು. ಈ ಅಕ್ಕತಂಗಿಯರ ತಾಯಿ ಮ್ಯಾಟಿ ಮಾಸ್ ಕ್ಲಾರ್ಕ್ ತಮ್ಮ ಚರ್ಚ್ ಪಂಗಡದ ಸಂಗೀತ ವಿಭಾಗಕ್ಕೇ ಮುಖ್ಯಸ್ಥೆಯಾಗಿದ್ದರು. ಮಕ್ಕಳ ಜೊತೆ ಗ್ರ್ಯಾಮಿ ವೇದಿಕೆ ಹತ್ತಿದ್ದಕ್ಕೆ ಹಿರಿಯರಿಂದ ಬೈಸಿಕೊಂಡರು.

ತಮಾಷೆ ಅಂದರೆ, ಗಾಸ್ಪೆಲ್‌ನ ಪಿತಾಮಹ ಅನ್ನಿಸಿಕೊಂಡ ಥಾಮಸ್ ಡಾರ್ಸಿ ಮೊದಲು ಷಿಕಾಗೋದಲ್ಲಿ ಬ್ಲೂಸ್ ಅನ್ನೋ ಲೌಕಿಕ ಸಂಗೀತಕ್ಕೆ ಪಿಯಾನೋ ನುಡಿಸುತ್ತಿದ್ದವರು. ಅವರ ಹಾಡು ಬೇಡ ಅಂದ ಚರ್ಚ್‌ಗಳೂ ಇದ್ದವು. ಮುಂದೆ ಅದೇ ಹಾಡುಗಳು ಅಪ್ಪಟ ಭಕ್ತಿಗೀತೆಗಳಾದವು. ಈಗ ಡಿಸ್ಕೋ ಸರದಿ, ಅಲ್ವಾ?

ರಾತ್ರಿಗೂಬೆ:
ಸೂಪರ್. ಮೊದಲು ಯಾವುದು ಕೇಳಲಿ?

ಕಪ್ಪುಬಿಳಿ ಕೀ:
ಸೋಲ್ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ 'ಅಮೇಜಿಂಗ್ ಗ್ರೇಸ್' ಆಲ್ಬಮ್. 1972ರಲ್ಲಿ ಲಾಸ್ ಏಂಜಲೀಸ್‌ನ ಚರ್ಚ್ ಒಂದರಲ್ಲಿ ಎರಡು ರಾತ್ರಿ ನಡೆದ ರೆಕಾರ್ಡಿಂಗ್. ಜೇಮ್ಸ್ ಕ್ಲೀವ್‌ಲ್ಯಾಂಡ್ ಮತ್ತು ಅವರ ಗಾಯಕವೃಂದ ಜೊತೆಗಿದೆ. ಅದರಲ್ಲಿ ಡಿಸ್ಕೋ ಇಲ್ಲ, ಆದರೆ ಸೋಲ್ (ಗಾಸ್ಪೆಲ್ ಶೈಲಿಯಲ್ಲೇ ಹಾಡೋ ಲೌಕಿಕ ಸಂಗೀತ) ಹಾಡುವವರ ಗಂಟಲು ಎಲ್ಲಿ ಪಳಗಿತು ಅನ್ನೋದು ಗೊತ್ತಾಗುತ್ತೆ. ಆಮೇಲೆ ಕ್ಲಾರ್ಕ್ ಸಿಸ್ಟರ್ಸ್ ಹಾಕಿ. ಅದನ್ನು ಮಾತ್ರ ಫೋನ್ ಸ್ಪೀಕರ್‌ನಲ್ಲಿ ಕೇಳಬೇಡಿ, ಬೇಸ್ ಕೇಳಿಸದಿದ್ದರೆ ಅರ್ಧ ಹಾಡೇ ಹೋಯಿತು.