ಸಹಾಯ ಬೇಕು: ಲೊಬಿಟೊ ರೈಲಿನಲ್ಲಿ ಸರಕು ತರಿಸಿದವರು ಇದ್ದೀರಾ?

ನಮಸ್ಕಾರ. ಜಾಂಬಿಯಾದ ಎನ್‌ಡೋಲಾದಲ್ಲಿ ಗಣಿ ಯಂತ್ರಗಳ ಬಿಡಿಭಾಗ ಮಾರುತ್ತೇನೆ. ಭಾರತದ ಸರಕಿಗೆ ಪೂರ್ವ ಕರಾವಳಿಯಲ್ಲಿರುವ ಟಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರು ಸರಿ. ಆದರೆ ಯುರೋಪಿನ ಸರಕೂ ಆಫ್ರಿಕಾ ಖಂಡವನ್ನೇ ಸುತ್ತಿಕೊಂಡು ಅಲ್ಲಿಗೆ ಬಂದು, ಲಾರಿಯೇರಿ, ಗಡಿಯಲ್ಲಿ ಕಾಯುವಷ್ಟರಲ್ಲಿ ಲಾಭ ಕರಗಿರುತ್ತದೆ.

ಪಶ್ಚಿಮ ಕರಾವಳಿಯಲ್ಲಿರುವ ಅಂಗೋಲಾದ ಲೊಬಿಟೊ ಬಂದರಿನಿಂದ ಕಾಂಗೊ ಗಡಿಯ ಲುವಾವುವರೆಗೆ ಸುಮಾರು 1,300 ಕಿ.ಮೀ. ಹಳಿಯಿದೆ, ಮುಂದೆ ಅದು ಕಾಂಗೊದ ಕೊಲ್ವೇಜಿ, ಲುಬುಂಬಾಶಿಗೆ ಹೋಗುತ್ತದೆ. ಅಂತರ್ಯುದ್ಧದಲ್ಲಿ ಹಾಳಾಗಿದ್ದ ಅಂಗೋಲಾದ ಭಾಗವನ್ನು ಚೀನಿಯರು ಮರುನಿರ್ಮಿಸಿದರು. ಈಗ ಅಮೆರಿಕ, ಯುರೋಪುಗಳೂ ಹಣ ಹೂಡಲು ಮುಂದಾಗಿವೆ. ಜಾಂಬಿಯಾಕ್ಕೆ ನೇರ ಹಳಿ ಮಾತ್ರ ಇನ್ನೂ ಯೋಜನೆಯಲ್ಲೇ ಇದೆ. ಅದಕ್ಕೆ ಕಾಯುತ್ತ ಕುಳಿತರೆ ನನ್ನ ಅಂಗಡಿ ಉಳಿಯುವುದಿಲ್ಲ!

ಕಾಂಗೊದ ತಾಮ್ರವನ್ನು ಲೊಬಿಟೊಗೆ ಹೊರುವ ಆ ರೈಲಿನ ವ್ಯಾಗನ್‌ಗಳು ಮರಳುವಾಗ ನನ್ನಂಥವರ ಒಂದೆರಡು ಕಂಟೇನರ್‌ಗೆ ಜಾಗ ಕೊಡುತ್ತಾರೆಯೇ? ಲುಬುಂಬಾಶಿಯಲ್ಲಿ ಇಳಿಸಿ, ಕಾಂಗೊ-ಜಾಂಬಿಯಾ ನಡುವಿನ ಕಸುಂಬಲೇಸಾ ಗಡಿಯ ಮೂಲಕ ಲಾರಿಯಲ್ಲಿ ತಂದವರಿದ್ದರೆ ಸುಂಕದ ಕಾಗದಪತ್ರಗಳ ಬಗ್ಗೆ ದಯವಿಟ್ಟು ತಿಳಿಸಿ. ಅಂಗೋಲಾದ ಪೋರ್ಚುಗೀಸ್, ಕಾಂಗೊದ ಫ್ರೆಂಚ್ ಎರಡೂ ನನಗೆ ಬಾರದು.