ಸಹಾಯ ಬೇಕು: ನಮ್ಮೂರ ಗ್ರಂಥಾಲಯಕ್ಕೆ ಮಕ್ಕಳ ಪುಸ್ತಕ

ನಮಸ್ಕಾರ. ನಮ್ಮೂರ ಪಂಚಾಯಿತಿ ಗ್ರಂಥಾಲಯಕ್ಕೆ (ಈಗ ಅರಿವು ಕೇಂದ್ರ ಅಂತಾರಲ್ವಾ) ಶಾಲೆ ಬಿಟ್ಟ ಕೂಡಲೇ ಮಕ್ಕಳು ಓಡಿ ಬರುತ್ತಾರೆ. 2020ರಲ್ಲಿ ಮಕ್ಕಳನ್ನು ಓದಿಗೆ ಸೆಳೆಯುವ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಅವರಿಗೆ ಸದಸ್ಯತ್ವ ಉಚಿತ. ಮಕ್ಕಳೇನೋ ಬಂದರು, ಪುಸ್ತಕ ಸಾಲುತ್ತಿಲ್ಲ. ಕಪಾಟಿನಲ್ಲಿ ಪರೀಕ್ಷೆಯ ಗೈಡುಗಳೇ ಜಾಸ್ತಿ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಒಂದೇ ಚಿತ್ರಕಥೆಯನ್ನು ಮೂರು ಸಲ ತಗೊಂಡು ಹೋದಳು. ನೋಡಿ ಕರುಳು ಚುರ್ ಅಂತು.

ದಪ್ಪ ಅಕ್ಷರದ, ಚಿತ್ರ ಇರುವ ಕನ್ನಡ ಪುಸ್ತಕಗಳು ನಿಮ್ಮ ಮನೆಯಲ್ಲಿ ಸುಮ್ನೆ ಕೂತಿದ್ದರೆ ಕೊಡುತ್ತೀರಾ? ಹಳೆಯದಾದರೂ ಪರವಾಗಿಲ್ಲ, ಹಾಳೆ ಹರಿದಿರಬಾರದು ಅಷ್ಟೇ. ಅಂಚೆ ಖರ್ಚು ನಾನೇ ಕೊಡುತ್ತೇನೆ.

ಇನ್ನೊಂದು ವಿಷಯ. ಮನೆ ತೆರಿಗೆ ಜೊತೆ ಕಟ್ಟುವ ಗ್ರಂಥಾಲಯ ಕರದಲ್ಲಿ ಮಕ್ಕಳ ಪುಸ್ತಕ ತರಿಸಿ ಅಂತ ಅರ್ಜಿ ಕೊಟ್ಟವರು ಯಾರಾದರೂ ಇದ್ದೀರಾ? ಹೇಗೆ ಬರೆಯಬೇಕು ಹೇಳಿ. ಮುಂದಿನ ಗ್ರಾಮಸಭೆಯಲ್ಲಿ ಕೊಡಬೇಕು ಅಂತಿದ್ದೇನೆ.