ಮಗಳನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸೋಣವೇ? ಅನುಭವವಿದ್ದವರು ದಯವಿಟ್ಟು ಹೇಳಿ

ನಾವು ಪಾಂಡವಪುರ ತಾಲ್ಲೂಕಿನ ಹಳ್ಳಿಯವರು. ಒಬ್ಬಳೇ ಮಗಳು, ಪಟ್ಟಣದ ಖಾಸಗಿ ಶಾಲೆಯಲ್ಲಿ ಯುಕೆಜಿ ಮುಗಿಸುತ್ತಿದ್ದಾಳೆ. ಬೆಳಿಗ್ಗೆ ಏಳೂವರೆಗೆ ವ್ಯಾನ್ ಹತ್ತಿದವಳು ಮನೆ ಸೇರುವಾಗ ಸಂಜೆ ಐದು. ಶುಲ್ಕ, ವ್ಯಾನ್, ಪುಸ್ತಕ ಎಂದು ಕಬ್ಬಿನ ಹಣದಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತಿದೆ. ಮನೆಯಿಂದ ಕೂಗಳತೆಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ. ಒಂದನೇ ತರಗತಿಗೆ ಅಲ್ಲಿಗೇ ಸೇರಿಸೋಣ ಎಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ. ಅತ್ತೆಗೂ ನಾದಿನಿಗೂ ಇದು ಸುತರಾಂ ಇಷ್ಟವಿಲ್ಲ. ‘ಕೂಲಿಯವರ ಮಕ್ಕಳ ಪಕ್ಕ ಕೂರಿಸುತ್ತೀರಾ’ ಎನ್ನುತ್ತಾಳೆ ನಾದಿನಿ. ನನಗೆ ಇಂಗ್ಲಿಷಿನದೇ ಭಯ. ಸೇರಿಸಿದವರು, ಸೇರಿಸಿ ಬಿಡಿಸಿದವರು, ಅಲ್ಲಿ ಪಾಠ ಮಾಡಿದವರು ಯಾರಾದರೂ ಇದ್ದರೆ ಉಳ್ಳದ್ದನ್ನು ಉಳ್ಳ ಹಾಗೆ ಹೇಳಿ.

ಶ್ರೀರಂಗಪಟ್ಟಣದಿಂದ, ಇಬ್ಬರು ಮಕ್ಕಳ ತಾಯಿ:

ನನ್ನ ಇಬ್ಬರೂ ಸರ್ಕಾರಿ ಶಾಲೆಯಲ್ಲೇ ಇದ್ದಾರೆ. ದೊಡ್ಡವನು ಆರನೇ ತರಗತಿ, ಚಿಕ್ಕವಳು ಎರಡನೇ ತರಗತಿ. ಮೊದಲು ನಿಮಗೆ ನಲಿ-ಕಲಿ ಎಂಬ ಕಲಿಸುವ ವಿಧಾನದ ಬಗ್ಗೆ ಹೇಳಬೇಕು ತಂಗಿ, ಏಕೆಂದರೆ ಮೊದಲ ಕೆಲವು ತಿಂಗಳು ನೀವು ಗಾಬರಿಯಾಗುವುದು ಅಲ್ಲೇ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕುಳಿತಿರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿಯ ಚಿತ್ರ ಇರುತ್ತದೆ. ಪ್ರತಿ ಮಗು ತನ್ನ ಮೆಟ್ಟಿಲಿಗೆ ತಕ್ಕ ಕಾರ್ಡು ತೆಗೆದುಕೊಂಡು ಕೆಲಸ ಮಾಡುತ್ತದೆ. ಅಂಕ, ರ‍್ಯಾಂಕು ಇಲ್ಲ, ರಾಶಿ ಮನೆಪಾಠವೂ ಇಲ್ಲ. ‘ಇದೆಂಥ ಶಾಲೆ, ಮಗು ಬರೆಯುವುದೇ ಕಾಣುವುದಿಲ್ಲವಲ್ಲ’ ಎಂದು ನಮ್ಮತ್ತೆ ದಿನವೂ ಅನ್ನುತ್ತಿದ್ದರು. ಅದೇ ಮಗು ವರ್ಷ ತುಂಬುವ ಮೊದಲೇ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಗೊಬ್ಬರದ ಚೀಲದ ಮೇಲಿನ ಅಕ್ಷರ ಎಲ್ಲವನ್ನೂ ಓದತೊಡಗಿತು. ಕನ್ನಡ ಓದುವುದರಲ್ಲಿ, ನಾಲ್ಕು ಜನರ ಮುಂದೆ ಎದ್ದುನಿಂತು ಮಾತಾಡುವುದರಲ್ಲಿ ನನ್ನ ಮಕ್ಕಳು ಯಾರಿಗೂ ಕಡಿಮೆಯಿಲ್ಲ.

ಇಂಗ್ಲಿಷ್ ವಿಷಯದಲ್ಲಿ ನಿಮ್ಮ ಭಯ ಸುಳ್ಳಲ್ಲ. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ, 2007-08ರಿಂದಲೂ ಇದೆ. ಆದರೆ ಹಾಡು, ಪದ, ಸಣ್ಣ ವಾಕ್ಯ ದಾಟಿ ಮುಂದೆ ಹೋಗುವುದು ಕಡಿಮೆ. ದೊಡ್ಡವನು ಐದನೇ ತರಗತಿ ಮುಗಿಸಿದಾಗ ಇಂಗ್ಲಿಷ್ ಓದುತ್ತಿದ್ದ, ಮಾತಾಡಲು ಬರುತ್ತಿರಲಿಲ್ಲ. ನಾನು ಹೆಚ್ಚು ಓದಿದವಳಲ್ಲ. ಆದರೂ ರಾತ್ರಿ ಊಟದ ನಂತರ ಅವನ ಪಠ್ಯಪುಸ್ತಕದ ಒಂದು ಪುಟವನ್ನು ಇಬ್ಬರೂ ಗಟ್ಟಿಯಾಗಿ ಓದುತ್ತೇವೆ. ಮನೆಯಲ್ಲಿ ಅಷ್ಟಾದರೂ ಮಾಡುವ ಮನಸ್ಸಿಲ್ಲದಿದ್ದರೆ ಯೋಚಿಸಿ.

ಊಟದ ಬಗ್ಗೆ ನನಗೆ ನೂರಕ್ಕೆ ನೂರು ಸಮಾಧಾನ. ಬೆಳಿಗ್ಗೆ ಬಿಸಿ ಹಾಲು, 2024ರಿಂದ ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್ ಕೂಡ ಸೇರಿದೆ. ಮಧ್ಯಾಹ್ನ ಅನ್ನ ಸಾಂಬಾರು, ಜೊತೆಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಹಳ್ಳಿ ಶಾಲೆಗಳಲ್ಲಿ ಅಲ್ಲೇ ಬೇಯಿಸಿ ಬಡಿಸುತ್ತಾರೆ. ಅಡುಗೆಯವರು ನಮ್ಮೂರಿನವರೇ, ಯಾವ ಮಗು ತಟ್ಟೆಯಲ್ಲಿ ಅನ್ನ ಬಿಟ್ಟಿತು ಎಂದು ಸಂಜೆ ನನಗೇ ಹೇಳುತ್ತಾರೆ.

ಶೌಚಾಲಯದ್ದು ಮಾತ್ರ ತೀರದ ತಲೆನೋವು. ಕಟ್ಟಡ ಇರುತ್ತದೆ, ನೀರು ಇರುವುದಿಲ್ಲ. ನೀರು ಇದ್ದರೆ ತೊಳೆಯುವವರಿಲ್ಲ. ಮಗಳನ್ನು ಸೇರಿಸುವ ಮೊದಲು ಒಳಗೆ ಹೋಗಿ ನೋಡಿ, ಸಂಕೋಚ ಪಡಬೇಡಿ.

ಮೈಸೂರಿನಿಂದ, ಬಿಡಿಸಿದ ತಂದೆ:

ನಾನು ಸೇರಿಸಿ, ನಂತರ ಬಿಡಿಸಿದವನು. ರಿಂಗ್ ರಸ್ತೆಯ ಆಚೆಗಿನ ಬಡಾವಣೆಗೆ ಹತ್ತಿರದ ಕಿರಿಯ ಪ್ರಾಥಮಿಕ ಶಾಲೆ, ಹೆಸರು ಬೇಡ. ಮೊದಲ ಎರಡು ವರ್ಷ ತುಂಬ ಚೆನ್ನಾಗಿತ್ತು. ಆಮೇಲೆ ಒಬ್ಬ ಶಿಕ್ಷಕಿಗೆ ವರ್ಗಾವಣೆಯಾಯಿತು. ಆ ಹುದ್ದೆಗೆ ಯಾರೂ ಬರಲಿಲ್ಲ. ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಉಳಿದವರು ಒಬ್ಬರೇ. ಅವರೇ ಐದೂ ತರಗತಿ ನೋಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಇಲಾಖೆಯ ಸಭೆಗೂ ಹೋಗಬೇಕು. ನಾಲ್ಕನೇ ತರಗತಿಯಲ್ಲಿದ್ದ ಮಗನಿಗೆ ಭಾಗಾಕಾರ ಬರುತ್ತಿರಲಿಲ್ಲ. ಕಾದೆವು, ಅರ್ಜಿ ಕೊಟ್ಟೆವು, ಕೊನೆಗೆ ಅನುದಾನಿತ ಶಾಲೆಗೆ ಹಾಕಿದೆವು.

ಆ ಶಿಕ್ಷಕರ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ. ಹುದ್ದೆ ಖಾಲಿ ಬಿಟ್ಟು ಕುಳಿತ ವ್ಯವಸ್ಥೆಯ ಮೇಲೆ ಇದೆ. ಬಡವರ ಮಕ್ಕಳ ಒಂದು ವರ್ಷ ಹೋದರೆ ಲೆಕ್ಕಕ್ಕಿಲ್ಲ ಎಂಬಂತಿದೆ.

ಮೈಸೂರಿನಿಂದ, ನಿವೃತ್ತ ಮುಖ್ಯಶಿಕ್ಷಕಿ:

ಮೇಲಿನ ಇಬ್ಬರೂ ಹೇಳಿದ್ದು ನಿಜ ತಾಯಿ. ಎರಡೂ ಸರ್ಕಾರಿ ಶಾಲೆಗಳೇ, ಎರಡೂ ಒಂದೇ ಇಲಾಖೆಯವು. ಆದ್ದರಿಂದ ‘ಸರ್ಕಾರಿ ಶಾಲೆ ಹೇಗೆ’ ಎಂದು ಊರವರನ್ನೆಲ್ಲ ಕೇಳುವುದನ್ನು ಬಿಡು. ನಿನ್ನ ಮನೆಯ ಪಕ್ಕದ ಆ ಒಂದು ಶಾಲೆ ಹೇಗಿದೆ ಎಂದು ಹೋಗಿ ನೋಡು. ಬಣ್ಣ ಹೊಡೆದ ಗೋಡೆ, ಸ್ಮಾರ್ಟ್ ಬೋರ್ಡ್ ನೋಡಿ ಮರುಳಾಗಬೇಡ, ಸೋರುವ ಹೆಂಚು ನೋಡಿ ಹೆದರಲೂ ಬೇಡ. ನೀನು ಕೇಳಬೇಕಾದ್ದು ಒಂದೇ ಲೆಕ್ಕ: ಮಕ್ಕಳೆಷ್ಟು, ಶಿಕ್ಷಕರೆಷ್ಟು?

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳಿರುವ ತನಕ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. ಇದನ್ನು ಸ್ವಲ್ಪ ನಿಧಾನವಾಗಿ ಓದು. 25 ಮಕ್ಕಳಿರುವ ಶಾಲೆಯಲ್ಲೂ ತರಗತಿ ಐದೇ, ಆದರೆ ಶಿಕ್ಷಕರು ಇಬ್ಬರೇ. ಒಬ್ಬರು ನಲಿ-ಕಲಿ ಹಿಡಿದರೆ ಇನ್ನೊಬ್ಬರಿಗೆ ನಾಲ್ಕು ಮತ್ತು ಐದು. ಅವರಲ್ಲಿ ಒಬ್ಬರು ರಜೆ ಹಾಕಿದ ದಿನ, ತರಬೇತಿಗೆ ಹೋದ ದಿನ ಏನಾಗುತ್ತದೆ ಎಂದು ನೀನೇ ಊಹಿಸು. ‘ಮಕ್ಕಳು ಕಡಿಮೆ ಇದ್ದರೆ ಹೆಚ್ಚು ಗಮನ ಕೊಡುತ್ತಾರೆ’ ಎಂಬ ಮಾತನ್ನು ಪೋಷಕರು ಹೇಳುವುದು ಕೇಳಿದ್ದೇನೆ, ಸರ್ಕಾರಿ ಶಾಲೆಯಲ್ಲಿ ಅದು ತಿರುಗುಮುರುಗಾಗುತ್ತದೆ. ಮಕ್ಕಳ ಸಂಖ್ಯೆ ಕುಸಿದರೆ ಇರುವ ಶಿಕ್ಷಕರನ್ನು ‘ಹೆಚ್ಚುವರಿ’ ಎಂದು ಗುರುತಿಸಿ ಬೇರೆಡೆಗೆ ಕಳುಹಿಸುತ್ತಾರೆ. ಶಿಕ್ಷಕರು ಹೋದರು ಎಂದು ಇನ್ನಷ್ಟು ಜನ ಮಕ್ಕಳನ್ನು ಬಿಡಿಸುತ್ತಾರೆ. ಅನುಕೂಲವಿದ್ದವರು ಬಿಟ್ಟುಹೋದಂತೆಲ್ಲ ಉಳಿದವರ ಮಕ್ಕಳಿಗೆ ಪಾಠ ತೆಳುವಾಗುತ್ತಾ ಹೋಗುತ್ತದೆ. ಕೆರೆಯ ತೂಬು ಸೋರಿದ ಹಾಗೆ, ಬರಿದಾದ ಮೇಲೇ ಊರಿಗೆ ಗೊತ್ತಾಗುವುದು. ನನ್ನ ಸೇವೆಯ ಉದ್ದಕ್ಕೂ ನನ್ನನ್ನು ಸಂಕಟಕ್ಕೆ ತಳ್ಳಿದ ಸಂಗತಿ ಇದು.

ನಿನ್ನೂರಿನದು ಹಿರಿಯ ಪ್ರಾಥಮಿಕ ಶಾಲೆ ಎಂದೆಯಲ್ಲ, ಅದು ಒಳ್ಳೆಯದು. ಏಳು ಅಥವಾ ಎಂಟನೇ ತರಗತಿಯವರೆಗೆ ಇರುವುದರಿಂದ ಶಿಕ್ಷಕರೂ ಕೊಂಚ ಹೆಚ್ಚಿರುತ್ತಾರೆ. ಮುಖ್ಯಶಿಕ್ಷಕರನ್ನು ನೇರವಾಗಿ ಕೇಳು: ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದು ಎಷ್ಟು, ಅದರಲ್ಲಿ ಕಾಯಂ ಎಷ್ಟು, ಅತಿಥಿ ಎಷ್ಟು, ಯಾರಾದರೂ ನಿಯೋಜನೆಯ ಮೇಲೆ ಬೇರೆಡೆ ಇದ್ದಾರೆಯೇ? ನಿನಗೆ ಕೇಳುವ ಹಕ್ಕಿದೆ. ಒಳ್ಳೆಯ ಮುಖ್ಯಶಿಕ್ಷಕರು ಈ ಪ್ರಶ್ನೆಗೆ ಸಂತೋಷಪಡುತ್ತಾರೆ. ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ.

ನಲಿ-ಕಲಿಯನ್ನು ಕೀಳಾಗಿ ಕಾಣಬೇಡಿ ಎಂದು ಎಲ್ಲರಲ್ಲಿ ಕೇಳಿಕೊಳ್ಳುತ್ತೇನೆ. ಅದು ಮೇಲಿನಿಂದ ಇಳಿದ ಯೋಜನೆಯಾಗಿರಲಿಲ್ಲ. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಕುಳಿತು ಕಾರ್ಡುಗಳನ್ನು ಬರೆದರು, ಯುನಿಸೆಫ್ ನೆರವು ನೀಡಿತು. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಕಬ್ಬು ಕಡಿಯಲು ತಂದೆ ತಾಯಿಯ ಜೊತೆ ಹೋಗಿ ತಿಂಗಳು ಬಿಟ್ಟು ಬಂದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ‘ನೀನು ಹಿಂದುಳಿದೆ’ ಎಂದು ಯಾರೂ ಅದರ ಮುಖಕ್ಕೆ ಹೇಳುವುದಿಲ್ಲ. ಮನಸ್ಸಿಟ್ಟು ಮಾಡುವ ಶಿಕ್ಷಕಿ ಸಿಕ್ಕಿದರೆ ಇದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ. ಆದರೆ ಕಾರ್ಡುಗಳು ಹರಿದು, ಅರ್ಧ ಕಳೆದುಹೋಗಿ, ಹಳೆಯ ರೀತಿಯಲ್ಲೇ ಪಾಠ ನಡೆಯುವ ಕೋಣೆಗಳನ್ನೂ ಕಂಡಿದ್ದೇನೆ. ಅಲ್ಲಿ ಹೆಸರು ಮಾತ್ರ ನಲಿ-ಕಲಿ.

ಇನ್ನೊಂದು ಕೊರತೆ ಎಂದರೆ ಪಾಠದ ದಿನಗಳು ಸೋರಿಹೋಗುವುದು. ಚುನಾವಣೆ, ಗಣತಿ, ಸಮೀಕ್ಷೆ ಏನೇ ಬಂದರೂ ಮೊದಲು ಕರೆಯುವುದು ನಮ್ಮನ್ನು. 2025ರಲ್ಲಿ ಜಾತಿವಾರು ಸಮೀಕ್ಷೆಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಕು ಎಂದು ನಾನೂ ನಂಬುತ್ತೇನೆ. ಆದರೆ ಅದರ ಬೆಲೆಯನ್ನು ಪ್ರತಿ ಸಲ ಇದೇ ಮಕ್ಕಳು ಏಕೆ ತೆರಬೇಕು?

ಪ್ರಶ್ನೆ ಕೇಳಿದವರು:

ಅಮ್ಮ, ಬಹಳ ಉಪಕಾರವಾಯಿತು. ನಮ್ಮ ಶಾಲೆಯಲ್ಲಿ ಈಗ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ ಎಂದು ತಿಳಿಯಿತು. ಅದಕ್ಕೆ ಹಾಕುವುದೋ, ಕನ್ನಡಕ್ಕೋ?

ಮದ್ದೂರಿನಿಂದ, ಈಗ ಮೈಸೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್:

ಅಕ್ಕ, ಇದಕ್ಕೆ ನಾನು ಉತ್ತರಿಸುತ್ತೇನೆ. ನಾನು ಹತ್ತನೇ ತರಗತಿಯವರೆಗೆ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಮೊದಲ ಕೆಲವು ತಿಂಗಳು ನರಕ. ವೇಗೋತ್ಕರ್ಷ ಗೊತ್ತಿತ್ತು, ಅದರ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ. ಉಪನ್ಯಾಸಕರು ಕೇಳಿದ ಪ್ರಶ್ನೆಗೆ ಉತ್ತರ ತಲೆಯಲ್ಲಿದ್ದರೂ ಬಾಯಿಗೆ ಬರುತ್ತಿರಲಿಲ್ಲ. ಎರಡೂ ಭಾಷೆಯ ಪದಗಳನ್ನು ಎದುರುಬದುರಾಗಿ ಬರೆದುಕೊಂಡ ನೋಟ್‌ಬುಕ್ ನನ್ನನ್ನು ದಾಟಿಸಿತು. ದ್ವಿತೀಯ ಪಿಯುಸಿಯ ಹೊತ್ತಿಗೆ ಲೆಕ್ಕದಲ್ಲಿ, ಭೌತಶಾಸ್ತ್ರದಲ್ಲಿ ನನ್ನ ಬುಡ ಗಟ್ಟಿಯಿದೆ ಎಂದು ನನಗೇ ತಿಳಿಯಿತು. ಅರ್ಥ ಮಾಡಿಕೊಂಡು ಕಲಿತದ್ದು ಮರೆತುಹೋಗಿರಲಿಲ್ಲ.

ಯಾರೂ ಮೊದಲೇ ಹೇಳದ ಮಾತೊಂದಿದೆ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ 5%, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ 15% ಸೀಟುಗಳ ಮೀಸಲು ಇದೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಕನ್ನಡ ಮಾಧ್ಯಮಕ್ಕೆ 5% ಇದೆ. ಷರತ್ತುಗಳಿವೆ, ಶಾಲೆಯ ದಾಖಲೆ ಸರಿಯಿರಬೇಕು, ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಮಗಳು ಊರಿನ ಶಾಲೆಯ ಇಂಗ್ಲಿಷ್ ವಿಭಾಗಕ್ಕೆ ಹೋದರೂ ಗ್ರಾಮೀಣ ಮೀಸಲಿಗೆ ಧಕ್ಕೆಯಿಲ್ಲ, ಕನ್ನಡ ಮಾಧ್ಯಮದ ಮೀಸಲು ಮಾತ್ರ ಕೈತಪ್ಪುತ್ತದೆ. ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ವ್ಯಾನಿನಲ್ಲಿ ಕಳುಹಿಸಿದರೆ ಎರಡೂ ಇಲ್ಲ.

ಇಂಗ್ಲಿಷ್ ವಿಭಾಗಗಳು 2019-20ರಲ್ಲಿ ಸಾವಿರ ಶಾಲೆಗಳಲ್ಲಿ ಆರಂಭವಾದವು, ಆಮೇಲೆ ಹೆಚ್ಚಿದವು. ಪಾಠ ಮಾಡುವವರು ಬಹುಪಾಲು ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಶಿಕ್ಷಕರೇ, ಅವರಿಗೆ ಕೊಟ್ಟದ್ದು ಅಲ್ಪ ತರಬೇತಿ. ಪುಸ್ತಕ ಎರಡೂ ಭಾಷೆಯಲ್ಲಿದೆ ಎಂಬುದು ಒಳ್ಳೆಯ ಏರ್ಪಾಡು. ಹೋಗಿ ಅರ್ಧ ಗಂಟೆ ಕೂತು ಕೇಳಿ. ಶಿಕ್ಷಕರು ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತಾಡಿದರೆ ಸೇರಿಸಿ. ಬೋರ್ಡಿನ ಮೇಲಿನದನ್ನು ನಕಲು ಮಾಡಿಸುವುದಷ್ಟೇ ನಡೆದಿದ್ದರೆ ಕನ್ನಡವೇ ಮೇಲು.

ಮಳವಳ್ಳಿಯಿಂದ, ಶಾಲಾಭಿವೃದ್ಧಿ ಸಮಿತಿಯಲ್ಲಿರುವ ತಂದೆ:

ನಾದಿನಿಯ ಮಾತಿಗೆ ನಾನು ಹೇಳುವುದು ಇಷ್ಟು. ನಮ್ಮ ಗದ್ದೆಗೆ ನಾಟಿಗೆ ಬರುವವರ ಮಗ ನನ್ನ ಮಗನ ಪಕ್ಕದಲ್ಲಿ ಕೂರುತ್ತಾನೆ, ಒಂದೇ ಸಾಲಿನಲ್ಲಿ ಉಣ್ಣುತ್ತಾನೆ, ಲೆಕ್ಕದಲ್ಲಿ ಅವನೇ ಮುಂದು, ನನ್ನ ಮಗ ಅವನ ಮನೆಗೆ ಹೋಗಿ ಹೇಳಿಸಿಕೊಂಡು ಬರುತ್ತಾನೆ. ನಾನು ಆ ಬೀದಿಗೆ ಕಾಲಿಡದೆ ಬೆಳೆದವನು. ಇದನ್ನು ಯಾವ ಶುಲ್ಕ ಕೊಟ್ಟರೂ ತರಲಾಗದು.

ಸೇರಿಸಿದರೆ ಸಮಿತಿಗೆ ಬನ್ನಿ. ಕಾಯ್ದೆಯ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಅನೇಕ ಕಡೆ ಹೆಂಗಸರ ಹೆಸರು ಪಟ್ಟಿಯಲ್ಲಿದ್ದು ಸಭೆಗೆ ಗಂಡಂದಿರು ಬರುತ್ತಾರೆ. ನೀವೇ ಬನ್ನಿ. ಶೌಚಾಲಯಕ್ಕೆ ನೀರಿನ ಪೈಪು ನಮ್ಮಲ್ಲಿ ಬಂದದ್ದು ತಾಯಂದಿರು ಗ್ರಾಮ ಪಂಚಾಯಿತಿಗೆ ಹೋಗಿ ಕೂತ ಮೇಲೆ.

ನಿವೃತ್ತ ಮುಖ್ಯಶಿಕ್ಷಕಿ, ಮತ್ತೆ:

ತಾಯಿ, ಕೊನೆಗೆ ಕೆಲಸದ ಮಾತು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. 2025-26ರಲ್ಲಿ ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಮಗಳ ಜನನ ಪ್ರಮಾಣಪತ್ರ ಹಿಡಿದು ಶಾಲೆಯಲ್ಲಿ ಈಗಲೇ ವಿಚಾರಿಸು. ಈಗಿನ ಶಾಲೆಯವರು ಬಾಕಿ ಶುಲ್ಕದ ನೆಪದಲ್ಲಿ ವರ್ಗಾವಣೆ ಪತ್ರ ತಡಮಾಡಿದರೆ ಹೆದರಬೇಡ. ಆ ಪತ್ರ ತಡವಾಯಿತು ಎಂದು ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನಿನಲ್ಲೇ ಹಾಗೆಂದಿದೆ. ಪಠ್ಯಪುಸ್ತಕ, ಸಮವಸ್ತ್ರ, ಶೂ ಉಚಿತ. ಸಮವಸ್ತ್ರ ಕೆಲವೊಮ್ಮೆ ತಡವಾಗಿ ಬರುತ್ತದೆ, ಒಂದು ಜೊತೆ ಬಟ್ಟೆ ಕೈಯಲ್ಲಿಟ್ಟುಕೊಂಡಿರು.

ಎಂಟನೇ ತರಗತಿಗೆ ಬಂದಾಗ ಎನ್‌ಎಂಎಂಎಸ್ ಪರೀಕ್ಷೆ ಬರೆಸುವುದನ್ನು ಮರೆಯಬೇಡ. ಕುಟುಂಬದ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದೊಳಗಿದ್ದು, ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುವ ಮಕ್ಕಳಿಗೆ ಮಾತ್ರ ಇರುವ ವಿದ್ಯಾರ್ಥಿವೇತನ ಅದು, ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಎಷ್ಟೋ ಹಳ್ಳಿ ಶಾಲೆಗಳಲ್ಲಿ ಅರ್ಜಿಯನ್ನೇ ಹಾಕಿಸುವುದಿಲ್ಲ, ನೀನೇ ಹೋಗಿ ಕೇಳಬೇಕು.